ಕ್ಲಬ್ಬಿನ ಗಾಲ್ಫ್ ಟೂರ್ನಮೆಂಟ್ ನೋಡುವುದು ಹೇಗೆ: ಸದಸ್ಯರಿಗೊಂದು ಕೈಪಿಡಿ

ಟಿವಿಯಲ್ಲಿ ಗಾಲ್ಫ್ ನೋಡಿ ರೂಢಿಯಾದವರಿಗೆ ಕ್ಲಬ್ಬಿನ ಅಮೆಚೂರ್ (ಹವ್ಯಾಸಿಗಳ) ಟೂರ್ನಮೆಂಟಿನಲ್ಲಿ ಮೊದಲ ದಿನ ಏನೂ ತಲೆಗೆ ಹತ್ತುವುದಿಲ್ಲ. ಇಲ್ಲಿ ಹಗ್ಗ ಕಟ್ಟಿರುವುದಿಲ್ಲ, ಯಾರು ಮುಂದಿದ್ದಾರೆ ಎಂದು ತೋರಿಸುವ ಬೋರ್ಡೂ ಇರುವುದಿಲ್ಲ. ಹಾಗಾಗಿ ಬಹಳ ಸದಸ್ಯರು ಹತ್ತು ಗಂಟೆಗೆ ಬಂದು, ಕ್ಲಬ್‌ಹೌಸಿನಲ್ಲಿ ಚಹಾ ಕುಡಿದು, ಬಹುಮಾನ ಕೊಡುವಾಗ ಚಪ್ಪಾಳೆ ತಟ್ಟಿ ಹೋಗುತ್ತಾರೆ. ಹಗ್ಗ ಇಲ್ಲದಿರುವುದೇ ಈ ಆಟದ ದೊಡ್ಡ ಸುಖ: ಚೆಂಡಿನಿಂದ ಐದಾರು ಮೀಟರ್ ದೂರದಲ್ಲಿ ನಿಂತು ನೋಡಬಹುದು. ಆದರೆ ಹಗ್ಗ ಮಾಡುವ ಕೆಲಸವನ್ನು ನೋಡುವವರೇ ಮಾಡಬೇಕು. ಎಲ್ಲಿ ನಿಲ್ಲಬೇಕು, ಏನನ್ನು ಮುಟ್ಟಬಾರದು, ಯಾವ ಮಾತು ಆಡಬಾರದು ಎಂಬುದು ಗೊತ್ತಿಲ್ಲದಿದ್ದರೆ ಆಡುವವರ ಸ್ಕೋರ್ ಕೆಡುತ್ತದೆ.

ಹಿಂದಿನ ದಿನದ ಕೆಲಸ

ನೋಟಿಸ್ ಬೋರ್ಡಿನಲ್ಲಿ ಡ್ರಾ ಶೀಟ್ (ಯಾರು ಯಾವ ಗುಂಪಿನಲ್ಲಿ, ಯಾವಾಗ ಎಂಬ ಪಟ್ಟಿ) ಹಾಕಿರುತ್ತಾರೆ. ಅದರ ಫೋಟೋ ತೆಗೆದುಕೊಳ್ಳಿ. ನೋಡಬೇಕಾದದ್ದು ಮೂರು: ಆಟದ ಬಗೆ ಸ್ಟ್ರೋಕ್ ಪ್ಲೇನಾ (ಒಟ್ಟು ಹೊಡೆತ ಎಣಿಸುವುದು) ಸ್ಟೇಬಲ್‌ಫೋರ್ಡಾ (ಪಾಯಿಂಟ್ ಎಣಿಸುವುದು), ಯಾರ ಪ್ಲೇಯಿಂಗ್ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ರಿಯಾಯಿತಿ ಹೊಡೆತ) ಎಷ್ಟು, ಗುಂಪುಗಳು ಒಂದನೇ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ) ಒಂದರ ಹಿಂದೆ ಒಂದು ಹೊರಡುತ್ತವೆಯೋ ಅಥವಾ ಶಾಟ್‌ಗನ್ ಸ್ಟಾರ್ಟೋ. ಶಾಟ್‌ಗನ್ ಎಂದರೆ ಎಲ್ಲ ಗುಂಪುಗಳೂ ಬೇರೆ ಬೇರೆ ಹೋಲ್‌ಗಳಿಂದ (ಟೀಯಿಂದ ಕುಳಿಯವರೆಗಿನ ಒಂದೊಂದು ಹಂತವೂ ಒಂದು ಹೋಲ್) ಒಂದೇ ಗಳಿಗೆಗೆ ಶುರು ಮಾಡುವುದು. ಆಗ ಒಂದನೇ ಟೀ ಹತ್ತಿರ ಕಾದು ಕುಳಿತರೆ ಶುರುವಿನಲ್ಲಿ ಒಂದೋ ಎರಡೋ ಗುಂಪಷ್ಟೇ ಕಣ್ಣಿಗೆ ಬೀಳುತ್ತವೆ. ಆಮೇಲೆ ಕ್ಲಬ್ ಆಫೀಸಿನಿಂದ ಒಂದು ಖಾಲಿ ಸ್ಕೋರ್ ಕಾರ್ಡ್, ಒಂದು ಪೆನ್ಸಿಲ್ ಇಸಿದುಕೊಳ್ಳಿ. ಈ ಕಾರ್ಡ್ ಇಲ್ಲದೆ ನೋಡಿದರೆ ಯಾರೋ ಚೆಂಡು ಹೊಡೆದದ್ದು ಕಂಡೀತು, ಪಂದ್ಯ ಕಾಣುವುದಿಲ್ಲ.

ಕಾರ್ಡಿನಲ್ಲಿ ಪ್ರತಿ ಹೋಲಿಗೂ ಪಾರ್ (ಆ ಹೋಲ್ ಮುಗಿಸಲು ನಿಗದಿಯಾದ ಹೊಡೆತ) ಜೊತೆ ಸ್ಟ್ರೋಕ್ ಇಂಡೆಕ್ಸ್ ಎಂದು 1ರಿಂದ 18ರವರೆಗೆ ಒಂದು ಸಂಖ್ಯೆ ಇರುತ್ತದೆ. ಹ್ಯಾಂಡಿಕ್ಯಾಪ್ ಹೊಡೆತಗಳನ್ನು ಯಾವ ಹೋಲಿನಲ್ಲಿ ಕೊಡಬೇಕು ಎಂಬುದನ್ನು ಅದು ಹೇಳುತ್ತದೆ. ಹ್ಯಾಂಡಿಕ್ಯಾಪ್ 8 ಇರುವವರಿಗೆ ಇಂಡೆಕ್ಸ್ 1ರಿಂದ 8ರವರೆಗಿನ ಹೋಲ್‌ಗಳಲ್ಲಿ ಒಂದೊಂದು ಹೊಡೆತ ರಿಯಾಯಿತಿ. 20 ಇರುವವರಿಗೆ ಹದಿನೆಂಟೂ ಹೋಲಿನಲ್ಲಿ ಒಂದೊಂದು, ಇಂಡೆಕ್ಸ್ 1 ಮತ್ತು 2ರಲ್ಲಿ ಇನ್ನೊಂದು ಹೆಚ್ಚು.

ಒಂದು ಹೋಲ್ ತೆಗೆದುಕೊಳ್ಳೋಣ: ಪಾರ್ 4, ಇಂಡೆಕ್ಸ್ 14. ಎಂಟರ ಹ್ಯಾಂಡಿಕ್ಯಾಪಿನವರು 4ಕ್ಕೆ ಮುಗಿಸಿದರು, ಅವರಿಗೆ ಅಲ್ಲಿ ರಿಯಾಯಿತಿ ಇಲ್ಲ, ನೆಟ್ (ರಿಯಾಯಿತಿ ಕಳೆದ ಲೆಕ್ಕ) 4. ಇಪ್ಪತ್ತರವರು 5ಕ್ಕೆ ಮುಗಿಸಿದರು, ಒಂದು ಕಳೆದರೆ ನೆಟ್ 4. ಸ್ಟೇಬಲ್‌ಫೋರ್ಡಿನಲ್ಲಿ ನೆಟ್ ಪಾರಿಗೆ 2 ಪಾಯಿಂಟ್, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3, ಎರಡು ಕಡಿಮೆಯಾದರೆ 4. ಅಲ್ಲಿಗೆ ಇಬ್ಬರಿಗೂ ಎರಡೆರಡು ಪಾಯಿಂಟ್. ಚೆಂದ ಹೊಡೆದವರೇ ಮುಂದಿದ್ದಾರೆ ಎಂದು ನಂಬಿದವರು ತಪ್ಪುವುದು ಇಲ್ಲೇ. ಹದಿನೆಂಟು ಹೋಲಿಗೆ 36 ಪಾಯಿಂಟ್ ಬಂದರೆ ಆಟಗಾರ ತನ್ನ ಹ್ಯಾಂಡಿಕ್ಯಾಪಿಗೆ ತಕ್ಕಂತೆ ಆಡಿದ ಎಂದರ್ಥ. ನೆಟ್ ಲೆಕ್ಕದಲ್ಲಿ ಪಾರಿಗಿಂತ ಎರಡು ಹೆಚ್ಚಾದರೆ ಸೊನ್ನೆ. ಅದಕ್ಕೇ ಕೆಲವರು ಹೋಲ್ ಮುಗಿಸದೆ ಚೆಂಡೆತ್ತಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅವರು ಆಟ ಬಿಟ್ಟಿಲ್ಲ, ಆ ಹೋಲಿನಲ್ಲಿ ಇನ್ನು ಸಿಗುವುದು ಏನೂ ಇಲ್ಲ, ಅಷ್ಟೇ.

ಕೋರ್ಸ್ ಒಂಬತ್ತೇ ಹೋಲಿನದಾದರೆ ಅದನ್ನೇ ಎರಡು ಸುತ್ತು ಆಡುತ್ತಾರೆ. ಎರಡನೇ ಸುತ್ತಿಗೆ ಇಂಡೆಕ್ಸ್ ಬೇರೆ ಇರುತ್ತದೆ. ಮೊದಲ ಸುತ್ತಿನ ಇಂಡೆಕ್ಸನ್ನೇ ಹಿಡಿದು ಕೂಡಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಮೈಗೆ, ಕಾಲಿಗೆ

ಒಂದು ಗುಂಪಿನ ಹಿಂದೆ ಹದಿನೆಂಟೂ ಹೋಲ್ ನಡೆದರೆ ನಾಲ್ಕರಿಂದ ನಾಲ್ಕೂವರೆ ತಾಸು, ಎಂಟು ಹತ್ತು ಕಿಲೋಮೀಟರ್. ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲಿಗೆ ಇದು ಸಣ್ಣ ಮಾತಲ್ಲ. ಡಿಸೆಂಬರ್, ಜನವರಿಯಲ್ಲಾದರೆ ಮಧ್ಯಾಹ್ನದವರೆಗೂ ತಡೆಯಬಹುದು. ಮಾರ್ಚ್ ಬಂತೆಂದರೆ ಮೊದಲ ಗುಂಪಿನ ಜೊತೆ ಮುಂಜಾನೆಯೇ ಹೊರಟು ಹತ್ತು ಗಂಟೆಗೆ ನೆರಳು ಸೇರುವುದು ಒಳ್ಳೆಯದು. ಎರಡು ಲೀಟರ್ ನೀರು, ಅಗಲ ಅಂಚಿನ ಟೋಪಿ, ಒಂದು ಓಆರ್‌ಎಸ್ ಪೊಟ್ಟಣ ಇರಲಿ. ಒಗ್ಗರಣಿ ಮಿರ್ಚಿ ಕ್ಲಬ್‌ಹೌಸಿನಲ್ಲೇ ಮುಗಿಸಿ ಬನ್ನಿ. ಚಿಪ್ಸ್ ಪ್ಯಾಕೆಟ್ಟಿನ ಸದ್ದು ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಹತ್ತಿರ ಎಷ್ಟು ದೊಡ್ಡದಾಗಿ ಕೇಳುತ್ತದೆ ಎಂಬುದು ಅದನ್ನು ಹರಿದವರಿಗೆ ತಿಳಿಯುವುದಿಲ್ಲ.

ಚಪ್ಪಲಿ ಬೇಡವೇ ಬೇಡ. ಫೇರ್‌ವೇ (ಟೀಯಿಂದ ಗ್ರೀನಿನವರೆಗಿನ ಆಟದ ಹಾದಿ) ಅಂಚಿನಲ್ಲೆಲ್ಲ ಬಳ್ಳಾರಿ ಜಾಲಿ ಹಬ್ಬಿರುತ್ತದೆ, ಅದರ ಒಣಗಿದ ಮುಳ್ಳು ತೆಳು ರಬ್ಬರಿನ ಅಟ್ಟೆಯನ್ನು ತೂರಿ ಬರುತ್ತದೆ. ದಪ್ಪ ಅಟ್ಟೆಯ ಶೂ ಹಾಕಿ. ಹಿಮ್ಮಡಿಯ ಶೂ ಮಾತ್ರ ಬೇಡ, ಅದು ಗ್ರೀನಿನಲ್ಲಿ ಕುಳಿ ಬೀಳಿಸುತ್ತದೆ. ಫೋನ್ ಪೂರ್ತಿ ಮೌನವಾಗಿರಲಿ, ಕ್ಯಾಮೆರಾದ ಕ್ಲಿಕ್ ಸದ್ದನ್ನೂ ತೆಗೆದಿಡಿ.

ಎಲ್ಲಿ ನಿಲ್ಲಬೇಕು

ಟೀ ಮೇಲೆ ಆಟಗಾರರ ಎದೆಯ ಕಡೆ, ಚೆಂಡಿಗಿಂತ ಸ್ವಲ್ಪ ಹಿಂದಕ್ಕೆ, ಐದಾರು ಮೀಟರ್ ದೂರ ನಿಲ್ಲಿ. ಬೆನ್ನ ಹಿಂದೆ ನಿಂತರೆ ಯಾರೋ ಇದ್ದಾರೆಂಬುದು ಗೊತ್ತಾಗಿಯೂ ಕಾಣದೆ ಅವರಿಗೆ ಕಿರಿಕಿರಿ. ಚೆಂಡು ಮತ್ತು ಗುರಿಯನ್ನು ಸೇರಿಸುವ ಗೆರೆಯನ್ನು ಹಿಂದಕ್ಕೆ ಎಳೆದರೆ ಬರುವ ಜಾಗದಲ್ಲಂತೂ ನಿಲ್ಲಲೇಬಾರದು. ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಂದೆ ಎತ್ತುವಾಗ ಕಣ್ಣಂಚಿಗೆ ಬೀಳುವುದು ಅದೇ ಜಾಗ. ಎಡಗೈ ಆಟಗಾರ ಬಂದರೆ ನೀವು ಇನ್ನೊಂದು ಬದಿಗೆ ದಾಟಬೇಕು. ಆ ದಾಟುವಿಕೆ ಅವರು ಚೆಂಡಿಡುವ ಟೀ ಗೂಟ ಚುಚ್ಚುವ ಮೊದಲೇ ಆಗಿರಬೇಕು.

ಚೆಂಡಿಗಿಂತ ಮುಂದೆ ಯಾವತ್ತೂ ನಿಲ್ಲಬೇಡಿ. 46 ಗ್ರಾಮಿನ ಚೆಂಡು ತಲೆಗೆ ಬಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಬಲಗೈ ಅಮೆಚೂರ್ ಆಟಗಾರರ ತಪ್ಪು ಹೊಡೆತ ಹೆಚ್ಚಾಗಿ ಬಲಕ್ಕೆ ಬಾಗುತ್ತದೆ, ಆದ್ದರಿಂದ ಫೇರ್‌ವೇ ಎಡಬದಿ ಹಿಡಿದು ನಡೆಯಿರಿ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಬಿರುಸಾಗಿ ಬೀಸುವಾಗ ಈ ಲೆಕ್ಕವೂ ಕೆಡುತ್ತದೆ. ಆಗ ಗಟ್ಟಿ ಕಾಂಡದ ಮರದ ಮರೆಯೇ ಸರಿ. "ಫೋರ್!" ಎಂಬ ಎಚ್ಚರಿಕೆಯ ಕೂಗು ಕೇಳಿದರೆ ತಲೆಯೆತ್ತಿ ಚೆಂಡು ಹುಡುಕಬೇಡಿ. ಬಗ್ಗಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಳ್ಳಿ.

ಗ್ರೀನ್ ಹತ್ತಿರ ಹೆಚ್ಚು ಎಚ್ಚರ ಬೇಕಾದದ್ದು ನೆರಳಿನ ಬಗ್ಗೆ. ಚಳಿಗಾಲದಲ್ಲಿ ಬೆಳಗಿನ ಏಳರ ಹೊತ್ತಿಗೆ ನಿಮ್ಮ ನೆರಳು ಹತ್ತು ಮೀಟರಿಗೂ ಉದ್ದ ಇರುತ್ತದೆ. ನೀವು ಗ್ರೀನಿನ ಹೊರಗೇ ನಿಂತಿದ್ದರೂ ನಿಮ್ಮ ತಲೆಯ ನೆರಳು ಮಾತ್ರ ಕುಳಿಯ ಪಕ್ಕದಲ್ಲಿ ಅಲ್ಲಾಡುತ್ತಿರುತ್ತದೆ. ಪಟ್ ಮಾಡುವವರು (ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವವರು) ಬಗ್ಗಿ ಹುಲ್ಲಿನ ಇಳಿಜಾರು ಓದುವಾಗ ಅವರಿಗೆ ಕಾಣುವುದು ಅದೇ. ನಿಂತ ಮೇಲೆ ಒಮ್ಮೆ ನಿಮ್ಮ ನೆರಳು ಎಲ್ಲಿದೆ ನೋಡಿಕೊಳ್ಳಿ, ಬೇಕಾದರೆ ಸೂರ್ಯನಿಗೆ ಎದುರಾಗುವ ಬದಿಗೆ ಸರಿಯಿರಿ.

ಇನ್ನೊಂದು ತಪ್ಪು ಪ್ರತಿ ಟೂರ್ನಮೆಂಟಿನಲ್ಲೂ ಆಗುತ್ತದೆ. ಹೆಸರಾದ ಆಟಗಾರ ಪಟ್ ಮುಗಿಸಿದ ಕೂಡಲೇ ನೋಡುವವರೆಲ್ಲ ಮುಂದಿನ ಟೀ ಕಡೆ ಹೊರಟುಬಿಡುತ್ತಾರೆ. ಅದೇ ಗುಂಪಿನ ಇನ್ನೊಬ್ಬರಿಗೆ ಒಂದು ಮೀಟರಿನ ಪಟ್ ಬಾಕಿ ಇರುತ್ತದೆ, ಸುತ್ತ ಕಾಲ ಸಪ್ಪಳ. ಗುಂಪಿನ ಕೊನೆಯ ಚೆಂಡು ಕುಳಿಗೆ ಬೀಳುವವರೆಗೆ ಕದಲಬೇಡಿ.

ನೀರಿನ ಅಭಾವ ಇರುವ ಕಡೆ ಹುಲ್ಲಿನ ಗ್ರೀನಿಗೆ ಬದಲು ಬ್ರೌನ್ಸ್ ಮಾಡುತ್ತಾರೆ: ಮರಳಿಗೆ ಎಣ್ಣೆ ಕಲಸಿ ಹದ ಮಾಡಿದ ವೃತ್ತ. ಅದರ ಮೇಲೆ ಕಾಲಿಟ್ಟರೆ ಹೆಜ್ಜೆ ಗುರುತು ಅಚ್ಚೊತ್ತಿದಂತೆ ಉಳಿಯುತ್ತದೆ, ಚೆಂಡು ಆ ಗುರುತಿಗೆ ಬಿದ್ದರೆ ದಾರಿ ತಪ್ಪುತ್ತದೆ. ಅಡ್ಡ ಹಾಯಬೇಡಿ, ಸುತ್ತಿಕೊಂಡು ಹೋಗಿ.

ಚೆಂಡು ಮುಟ್ಟಬಾರದು, ಆದರೆ ಹುಡುಕಬಹುದು

ಒಣ ಹುಲ್ಲಿನಲ್ಲಿ ಬಿದ್ದಿರುವ ಚೆಂಡು ಯಾರೋ ಕಳೆದುಕೊಂಡದ್ದು ಎಂದುಕೊಂಡು ಎತ್ತಿ ಜೇಬಿಗೆ ಹಾಕಿಕೊಳ್ಳುವುದು ಹೊಸಬರು ಮಾಡುವ ದೊಡ್ಡ ತಪ್ಪು. ಟೂರ್ನಮೆಂಟ್ ದಿನ ಕೋರ್ಸಿನಲ್ಲಿ ಕಂಡ ಪ್ರತಿ ಚೆಂಡೂ ಆಟದಲ್ಲಿದೆ ಎಂದೇ ತಿಳಿಯಿರಿ. ಅದು ಸಿಗದೆ ಹೋದರೆ ಆಟಗಾರ ಒಂದು ಪೆನಾಲ್ಟಿ ಹೊಡೆತ ಸೇರಿಸಿಕೊಂಡು, ಮೊದಲು ಹೊಡೆದ ಜಾಗಕ್ಕೇ ವಾಪಸ್ ಹೋಗಿ ಮತ್ತೆ ಹೊಡೆಯಬೇಕು.

ಗೊತ್ತಿಲ್ಲದೆ ನಿಮ್ಮ ಕಾಲು ತಾಗಿ ನಿಂತ ಚೆಂಡು ಸರಿದರೆ ಗಾಬರಿ ಬೇಡ. ಅಲ್ಲೇ ನಿಂತು ಆಟಗಾರರಿಗೆ ಹೇಳಿ, ಎಲ್ಲಿತ್ತು ಎಂದು ತೋರಿಸಿ. ಯಾವ ಪೆನಾಲ್ಟಿಯೂ ಇಲ್ಲದೆ ಅವರು ಅದನ್ನು ಮೊದಲಿನ ಜಾಗದಲ್ಲಿಟ್ಟು ಆಡುತ್ತಾರೆ. ಬಾಯಿ ಮುಚ್ಚಿಕೊಂಡರೆ ಅವರು ಚೆಂಡು ಸರಿದು ನಿಂತ ಜಾಗದಿಂದಲೇ ಆಡಬೇಕಾಗುತ್ತದೆ. ಫೇರ್‌ವೇಯಿಂದ ಹಾರಿ ಬಂದ ಚೆಂಡು ನಿಮಗೆ ತಗುಲಿ ಬಿದ್ದರೆ ಮಾತ್ರ ಲೆಕ್ಕ ಬೇರೆ: ಅದು ಎಲ್ಲಿ ನಿಂತಿತೋ ಅಲ್ಲಿಂದಲೇ ಆಟ.

ಹುಡುಕಾಟಕ್ಕೆ ಸಮಯ ಮೂರು ನಿಮಿಷ. 2019ಕ್ಕೆ ಮುಂಚೆ ಐದಿತ್ತು, ಹಳೆಯ ಸದಸ್ಯರು ಇನ್ನೂ ಐದು ಎಂದೇ ವಾದಿಸುತ್ತಾರೆ. ಈ ಮೂರು ನಿಮಿಷ ಶುರುವಾಗುವುದು ಆಟಗಾರ ಅಥವಾ ಅವರ ಕ್ಯಾಡಿ (ಕ್ಲಬ್ ಚೀಲ ಹೊರುವ ಸಹಾಯಕ) ಹುಡುಕಲು ತೊಡಗಿದಾಗ. ನೀವು ಮೊದಲೇ ಹುಡುಕಿದ ಹೊತ್ತು ಲೆಕ್ಕಕ್ಕಿಲ್ಲ, ಹಾಗಾಗಿ ನಿಮ್ಮ ಸಹಾಯಕ್ಕೆ ನಿಜವಾದ ಬೆಲೆ ಇದೆ. ಚೆಂಡು ಹೋದ ದಿಕ್ಕಿಗೆ ದೂರದ ಒಂದು ಗುರುತು ಹಿಡಿಯಿರಿ, ಕರೆಂಟ್ ಕಂಬವೋ ಬೇವಿನ ಮರವೋ. ಆ ಗೆರೆಯಲ್ಲಿ ನಿಧಾನ ನಡೆಯಿರಿ. ಸಿಕ್ಕರೆ ಕೈಯೆತ್ತಿ ನಿಲ್ಲಿ, ಅಷ್ಟೇ ಸಾಕು.

ಪೊದೆಯೊಳಗೆ ಕೈ ಹಾಕಬೇಡಿ, ಕೋಲಿನಿಂದ ಸರಿಸಿ ನೋಡಿ. ನಾಗರ, ಕೊಳಕುಮಂಡಲ ಎರಡೂ ಇರುವ ಸೀಮೆ ಇದು. ಚೆಂಡಿನ ಹತ್ತಿರ ವಿಷದ ಹಾವು ಇದ್ದರೆ ನಿಯಮದ ಪ್ರಕಾರ ಪೆನಾಲ್ಟಿ ಇಲ್ಲದೆ ಬೇರೆ ಜಾಗದಿಂದ ಆಡಬಹುದು. ಹೆಗ್ಗಣ ತೋಡಿದ ಬಿಲಕ್ಕೆ ಬಿದ್ದರೂ ಅದೇ ಸೌಲಭ್ಯ. ಬಳ್ಳಾರಿ ಜಾಲಿಗೆ ಆ ರಿಯಾಯಿತಿ ಇಲ್ಲ: ಮುಳ್ಳಿನ ಬುಡದಲ್ಲಿ ಚೆಂಡು ಸಿಕ್ಕಿಕೊಂಡರೆ ಹಾಗೇ ಹೊಡೆಯಬೇಕು, ಇಲ್ಲವೇ ಒಂದು ಹೊಡೆತ ತೆತ್ತು ಹೊರಗೆ ಡ್ರಾಪ್ ಮಾಡಬೇಕು (ಚೆಂಡನ್ನು ಕೈಯಿಂದ ಕೆಳಗೆ ಬಿಡಬೇಕು). ಬೇಸಿಗೆಯಲ್ಲಿ ಎರೆ ಭೂಮಿ ಬಿರಿದು ಆ ಬಿರುಕಿಗೆ ಚೆಂಡು ಇಳಿದರೆ ಟೂರ್ನಮೆಂಟ್ ಕಮಿಟಿ ಏನು ಬರೆದಿದೆ ಎಂಬುದರ ಮೇಲೆ ರಿಯಾಯಿತಿ ನಿಂತಿದೆ. ದುರಸ್ತಿ ಜಾಗ ಎಂದು ಮೊದಲೇ ಘೋಷಿಸಿದ್ದರೆ ಪುಕ್ಕಟೆ ರಿಯಾಯಿತಿ, ಇಲ್ಲದಿದ್ದರೆ ಇಲ್ಲ. ಟೀ ಹತ್ತಿರ ಅಂಟಿಸಿದ ಸ್ಥಳೀಯ ನಿಯಮದ ಹಾಳೆ ಓದಿಕೊಂಡವರಿಗೆ ಇಂಥ ಗಳಿಗೆಯ ರುಚಿ ಗೊತ್ತಾಗುತ್ತದೆ.

ಬಾಯಿ

"ಸರ, ಏಳು ಬೇಡ, ಆರನೇ ನಂಬರ್ ಐರನ್ ತಗೊಳ್ಳಿ" ಎಂದು ಸ್ನೇಹಕ್ಕೆ ಹೇಳುವುದು ನಮ್ಮಲ್ಲಿ ಸಹಜ. ಯಾವ ಕ್ಲಬ್ ಬಳಸಬೇಕೆಂದು ಹೇಳುವುದು ಗಾಲ್ಫಿನಲ್ಲಿ ಸಲಹೆ, ಆಟಗಾರ ಸಲಹೆ ಕೇಳಬಹುದಾದದ್ದು ತನ್ನ ಕ್ಯಾಡಿಯನ್ನು, ಜೋಡಿ ಆಟವಾದರೆ ಜೊತೆಗಾರರನ್ನು ಮತ್ತು ಅವರ ಕ್ಯಾಡಿಯನ್ನು ಮಾತ್ರ. "ಯಾವುದು ಹೊಡೀಲಿ?" ಎಂದು ಅವರು ನಿಮ್ಮನ್ನು ಕೇಳಿದರೆ ಸ್ಟ್ರೋಕ್ ಪ್ಲೇನಲ್ಲಿ ಅವರಿಗೆ ಎರಡು ಹೊಡೆತ ದಂಡ. ಕೈಸನ್ನೆಯೂ ಮಾತಿಗೆ ಸಮ. ಬಾವುಟ ಎಲ್ಲಿದೆ, ಇಲ್ಲಿಂದ ಎಷ್ಟು ಮೀಟರ್ ಎಂಬುದು ಸಲಹೆಯಲ್ಲ, ಕೇಳಿದರೆ ಹೇಳಬಹುದು.

ಒಬ್ಬ ಆಟಗಾರ ಚೆಂಡನ್ನು ಕಾಲಿನಿಂದ ಸರಿಸಿದ್ದು, ಹೊಡೆತ ತಪ್ಪು ಎಣಿಸಿದ್ದು ನಿಮ್ಮ ಕಣ್ಣಿಗೆ ಬಿದ್ದರೆ ಅಲ್ಲೇ ಕೂಗಾಡಬೇಡಿ. ಕಾರ್ಡ್ ಒಪ್ಪಿಸುವ ಮೊದಲು ಆಟಗಾರರಿಗೋ ಕಮಿಟಿಯವರಿಗೋ ಶಾಂತವಾಗಿ ತಿಳಿಸಿ. ಬಹುಮಾನ ಕೊಟ್ಟಾದ ಮೇಲೆ ಪಾರ್ಕಿಂಗ್‌ನಲ್ಲಿ ಆಡಿಕೊಳ್ಳುವುದು ಆಟಗಾರರಿಗೂ ಅನ್ಯಾಯ, ಕ್ಲಬ್ಬಿಗೂ ಕೇಡು.

ಇಡೀ ದಿನ ಹೇಗೆ ಹಂಚುವುದು

ಒಂದೇ ಗುಂಪಿಗೆ ಅಂಟಿಕೊಳ್ಳುವುದಕ್ಕಿಂತ ಹೀಗೆ ಮಾಡಿ: ಮೊದಲ ಮೂರು ಹೋಲ್ ಒಂದು ಗುಂಪಿನ ಜೊತೆ ನಡೆಯಿರಿ. ಆಮೇಲೆ ನೆರಳಿರುವ ಒಂದು ಪಾರ್ 3 ಹಿಡಿದು ಕುಳಿತುಬಿಡಿ. ಟೀಯಿಂದ ಕುಳಿಯವರೆಗೆ ಎಲ್ಲವೂ ಒಂದೇ ನೋಟಕ್ಕೆ ಸಿಗುವುದು ಅಲ್ಲಿ ಮಾತ್ರ. ಹತ್ತು ನಿಮಿಷಕ್ಕೊಂದರಂತೆ ಬರುವ ನಾಲ್ಕೈದು ಗುಂಪು ನೋಡಿದರೆ ಒಂದೇ ದೂರಕ್ಕೆ ಯಾರು ಯಾವ ಕ್ಲಬ್ ತೆಗೆಯುತ್ತಾರೆ, ಗಾಳಿಗೆ ಯಾರು ಎಷ್ಟು ಲೆಕ್ಕ ಬಿಟ್ಟು ಹೊಡೆಯುತ್ತಾರೆ ಎಂಬುದು ಕಾಣುತ್ತದೆ. ಕೊನೆಯ ಮೂರು ಹೋಲಿಗೆ ಮತ್ತೆ ನಡೆಯಿರಿ. ಒಂದೇ ದಿನದ ಟೂರ್ನಮೆಂಟಿನಲ್ಲಿ ಗೆಲ್ಲುವವರು ಕೊನೆಯ ಗುಂಪಿನಲ್ಲೇ ಇರಬೇಕೆಂದಿಲ್ಲ. ಏಳು ಗಂಟೆಗೆ ಹೋದವರೇ ಗೆದ್ದಿರಬಹುದು, ಹಾಗಾಗಿ ನಡುವೆ ಒಮ್ಮೆ ಸ್ಕೋರ್ ಟೇಬಲ್ (ಆಟ ಮುಗಿಸಿದವರು ಕಾರ್ಡ್ ಒಪ್ಪಿಸುವ ಜಾಗ) ಕಡೆ ಹೋಗಿ ಬನ್ನಿ.

ಹದಿನೆಂಟು ಮುಗಿಸಿ ಬಂದವರನ್ನು "ಎಷ್ಟಾಯ್ತು ಸರ?" ಎಂದು ಮುತ್ತಬೇಡಿ. ಆಗ ಅವರು ಮಾರ್ಕರ್ (ಅವರ ಸ್ಕೋರ್ ಬರೆದುಕೊಂಡವರು) ಜೊತೆ ಕುಳಿತು ಒಂದೊಂದೇ ಹೋಲ್ ತಾಳೆ ನೋಡುತ್ತಿರುತ್ತಾರೆ. ಒಂದು ಹೋಲಿನಲ್ಲಿ ನಿಜಕ್ಕಿಂತ ಕಡಿಮೆ ಬರೆದು ಸಹಿ ಹಾಕಿ ಒಪ್ಪಿಸಿದರೆ ಸ್ಟ್ರೋಕ್ ಪ್ಲೇನಲ್ಲಿ ಅನರ್ಹರಾಗುತ್ತಾರೆ, ಹೆಚ್ಚು ಬರೆದರೆ ಆ ಹೆಚ್ಚೇ ಖಾಯಂ.

ಇಬ್ಬರ ಪಾಯಿಂಟ್ ಸಮ ಆದಾಗ ನಿಮ್ಮ ಪೆನ್ಸಿಲ್ ಕಾರ್ಡ್ ಕೆಲಸಕ್ಕೆ ಬರುತ್ತದೆ. ಕ್ಲಬ್‌ಗಳಲ್ಲಿ ಸಾಮಾನ್ಯವಾಗಿ ಕೊನೆಯ ಒಂಬತ್ತು ಹೋಲಿನ ಪಾಯಿಂಟ್ ನೋಡುತ್ತಾರೆ, ಅದೂ ಸಮವಾದರೆ ಕೊನೆಯ ಆರು, ಆಮೇಲೆ ಮೂರು, ಕಡೆಗೆ ಹದಿನೆಂಟನೆಯದು. ಇಬ್ಬರಿಗೂ 37 ಇದ್ದು, ಒಬ್ಬರು ಕೊನೆಯ ಒಂಬತ್ತರಲ್ಲಿ 20, ಇನ್ನೊಬ್ಬರು 17 ಗಳಿಸಿದ್ದರೆ ಕಪ್ ಮೊದಲನೆಯವರಿಗೆ. ಅದಕ್ಕೇ ಹತ್ತನೇ ಹೋಲಿನಿಂದ ಕಾರ್ಡಿನಲ್ಲಿ ಒಂದು ಗೆರೆ ಎಳೆದು ಪಾಯಿಂಟ್ ಬೇರೆ ಕೂಡುತ್ತಾ ಬನ್ನಿ. ಫಲಿತಾಂಶ ಓದುವ ಮೊದಲೇ ಹೆಸರು ನಿಮ್ಮ ಕೈಯಲ್ಲಿರುತ್ತದೆ.