ಕಾರ್ಖಾನೆಯವರ ಜೊತೆ ಸೇರಿ ಆಸ್ಪತ್ರೆಯ ಕೆಲಸ ಸರಿಮಾಡಿದ್ದು

ನಾನು ಆಸ್ಪತ್ರೆಯೊಂದರ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001 ಪ್ರಮಾಣಪತ್ರ ಇತ್ತು, ಆಡಿಟ್ ತಪ್ಪದೆ ನಡೆಯುತ್ತಿತ್ತು. ಆದರೂ ಪಾಳಿ ಬದಲಾಗುವ ಹೊತ್ತಿಗೆ ಏನಾದರೂ ಒಂದು ವಿಷಯ ಬಿಟ್ಟುಹೋಗುತ್ತಿತ್ತು. ಬೇರೆ ಆಸ್ಪತ್ರೆಗಳನ್ನು ಕೇಳಿದರೆ ಅವರದೂ ಅದೇ ಪಾಡು.

ಆಗ ನೆನಪಾಗಿದ್ದು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ. ಹೃದಯದ ಆಪರೇಷನ್ ಆದ ಮಗುವನ್ನು ಐಸಿಯುಗೆ ಒಪ್ಪಿಸುವ ಕ್ರಮವನ್ನು ಅವರು ಫಾರ್ಮುಲಾ ಒನ್ ರೇಸಿನ ಫೆರಾರಿ ತಂಡದ ಪಿಟ್ ಸಿಬ್ಬಂದಿಯ (ರೇಸಿನ ನಡುವೆ ಕಾರು ನಿಂತಾಗ ಕ್ಷಣಗಳಲ್ಲಿ ಟೈರ್ ಬದಲಿಸುವವರು) ಕೆಲಸ ನೋಡಿ ತಿದ್ದಿಕೊಂಡರು. ಯಾರು ಮುಂದಾಳು, ಯಾವ ಕೆಲಸ ಮೊದಲು ಅನ್ನುವುದು ಪಕ್ಕಾ ಆಯಿತು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ತಾಂತ್ರಿಕ ತಪ್ಪು, ಬಿಟ್ಟುಹೋಗುವ ಮಾಹಿತಿ ಎರಡೂ ಕಡಿಮೆಯಾದವು. ಬೇರೆ ಕ್ಷೇತ್ರದವರ ಹತ್ತಿರ ಹೋಗಲು ನನಗೆ ಧೈರ್ಯ ಬಂದಿದ್ದೇ ಇದರಿಂದ.

ಪಾಳಿ ಬದಲಾವಣೆ ಹೇಗೆ ಮಾಡುತ್ತೀರಿ, ಬಂದು ನೋಡಬಹುದೇ ಎಂದು ನಾವು ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದನ್ನು ಕೇಳಿದೆವು. ಅಧಿಕಾರಿಗಳ ಬದಲು ವಾರ್ಡಿನ ಹಿರಿಯ ನರ್ಸ್‌ಗಳನ್ನೇ ಕಳಿಸಿದೆ. ಅಲ್ಲಿ ಪಾಳಿ ಬದಲಾಗುವಾಗ ಎರಡೂ ಪಾಳಿಯ ಸೂಪರ್‌ವೈಸರ್‌ಗಳು ಯಂತ್ರದ ಪಕ್ಕದಲ್ಲೇ ನಿಲ್ಲುತ್ತಾರೆ. ಬೋರ್ಡಿನಲ್ಲಿ ಮುಗಿಯದ ಕೆಲಸಗಳು ಸಾಲಾಗಿ ಇರುತ್ತವೆ. ಹೋಗುವವರು ಒಂದೊಂದನ್ನೇ ಓದುತ್ತಾರೆ, ಬಂದವರು ಅದನ್ನು ತಿರುಗಿ ಹೇಳಿ ಮುಂದೆ ತಮ್ಮ ಹೆಸರು ಬರೆಯುತ್ತಾರೆ. ಹೆಸರಿಲ್ಲದ ಸಾಲು ಇದ್ದರೆ ಹಳೆ ಪಾಳಿಯವರು ಹೊರಡುವಂತಿಲ್ಲ. ನಮ್ಮ ನರ್ಸ್‌ಗಳಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ವಾಪಸ್ ಬಂದವರೇ ಒಂದು ವಾರ್ಡಿನಲ್ಲಿ ಶುರು ಮಾಡಿದರು. ರೋಗಿಯ ಹಾಸಿಗೆ ಪಕ್ಕದಲ್ಲೇ ಹಸ್ತಾಂತರ, ಬಾಕಿ ಕೆಲಸಕ್ಕೆ ಒಂದು ಹೆಸರು. ರೋಗಿಯ ವಿವರ ಎಲ್ಲರ ಕಣ್ಣಿಗೂ ಬೀಳಬಾರದು ಅಲ್ವಾ, ಹಾಗಾಗಿ ಬೋರ್ಡಿನ ಜಾಗಕ್ಕೆ ಮಡಚುವ ಹಾಳೆ ಬಂತು.

ಆದರೆ ಬರೀ ನಾವೇ ಪಡೆಯುತ್ತಾ ಹೋದರೆ ಅದು ಪಾಲುದಾರಿಕೆ ಆಗುವುದಿಲ್ಲ. ಅವರಿಗೂ ಒಂದು ತೊಂದರೆ ಇತ್ತು. ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು ಕೆಲಸಗಾರರು ಹೆದರಿ ಮುಚ್ಚಿಡುತ್ತಿದ್ದರು. ನಮ್ಮಲ್ಲಿ ಅಂಥದ್ದನ್ನು ಹೆಸರು ಹಾಕದೆ ವರದಿ ಮಾಡಬಹುದು, ವರದಿ ಮಾಡಿದ್ದಕ್ಕೆ ಶಿಕ್ಷೆಯಿಲ್ಲ. ಆ ಫಾರಂ, ವಾರದ ಸಭೆ ನಡೆಸುವ ರೀತಿ ಎರಡನ್ನೂ ಅವರಿಗೆ ಕಲಿಸಿದೆವು. ನಂಟು ಗಟ್ಟಿಯಾಗಿದ್ದು ಆಮೇಲೆ.

ಒಪ್ಪಂದ ಎರಡು ಪುಟದ್ದು. ಗುಟ್ಟಾಗಿಡಬೇಕಾದ್ದು ಏನು, ಯಾರ ಸಮಯ ಎಷ್ಟು, ಯಾವ ಒಂದು ಕೆಲಸ ಸುಧಾರಿಸಬೇಕು, ಈಗಿನ ಸ್ಥಿತಿ ಅಳೆಯುವುದು ಹೇಗೆ, ಇಷ್ಟೇ. ಕೊನೆಯದನ್ನು ಮೊದಲೇ ಮಾಡಿಕೊಳ್ಳಿ. ಹಳೆಯ ಲೆಕ್ಕ ಇಲ್ಲದಿದ್ದರೆ ಆಮೇಲೆ ಸುಮ್ನೆ ವಾದ ಆಗುತ್ತದೆ. ಸೇವಾ ಸಂಸ್ಥೆಯೊಂದು ಕೂಡ ಸೇರಲು ಬಂದಿತ್ತು, ಆದರೆ ಅವರಲ್ಲಿ ಬಿಡುವಿರುವ ಜನ ಇರಲಿಲ್ಲ. ಮುಂದಕ್ಕೆ ಹಾಕಿದೆವು.

ನಡುವೆ ಕಾರ್ಖಾನೆಯ ಮ್ಯಾನೇಜರ್ ಬದಲಾದರು. ಕೆಲಸ ನಿಲ್ಲಲಿಲ್ಲ. ಅಲ್ಲಿನ ಸೂಪರ್‌ವೈಸರ್‌ಗಳೂ ನಮ್ಮ ನರ್ಸ್‌ಗಳೂ ಅಷ್ಟರಲ್ಲಿ ನೇರವಾಗಿ ಫೋನ್ ಮಾಡಿ ಮಾತಾಡಿಕೊಳ್ಳುತ್ತಿದ್ದರು. ಈಗ ಔಷಧಿ ಸ್ಟೋರಿನ ದಾಸ್ತಾನು ಕೈಗೆತ್ತಿಕೊಂಡಿದ್ದೇವೆ.