ಬಗಾಸಿನ ತೇವಕ್ಕಿಂತ ಬಾಯ್ಲರಿನ ಗಾಳಿಯಲ್ಲೇ ಹೆಚ್ಚು ಸಿಕ್ಕಿತು

ಹಾವೇರಿ ಭಾಗದ ಸಕ್ಕರೆ ಕಾರ್ಖಾನೆಯಲ್ಲಿ ಬಗಾಸ್, ಅಂದರೆ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ, ಬಾಯ್ಲರಿನಲ್ಲಿ ಉರಿದು ವಿದ್ಯುತ್ ಕೊಡುತ್ತದೆ. ಆ ಇಳುವರಿ ಹೆಚ್ಚಿಸಲು ನಾವು ಮೊದಲು ಕೈಹಾಕಿದ್ದು ಬಗಾಸಿನ ತೇವಕ್ಕೆ. ಕೊನೆಯ ಮಿಲ್ಲಿನಿಂದ ಬರುವ ಬಗಾಸಿನಲ್ಲಿ ಅರ್ಧದಷ್ಟು ನೀರೇ. 4250ರಲ್ಲಿ ತೇವದ ಶೇಕಡಾವಾರಿನ 48.5 ಪಟ್ಟು, ಪೋಲಿನ (ಬಗಾಸಿನಲ್ಲಿ ಉಳಿದ ಸಕ್ಕರೆಯ ಶೇಕಡಾವಾರು) 12 ಪಟ್ಟು ಕಳೆದರೆ ಕಿಲೋಗೆ ನಿವ್ವಳ ಉಷ್ಣ ಸಿಗುತ್ತದೆ. ಪೋಲ್ 2 ಇದ್ದಾಗ, ತೇವ 50ಕ್ಕೆ 1801 ಕಿಲೋ ಕ್ಯಾಲರಿ, 48ಕ್ಕೆ 1898. ಶೇ 5 ಲಾಭ ಅಂತ ಕಾಣುತ್ತದೆ.

ಇಲ್ಲೇ ಬಹಳ ಮಂದಿ ಎಡವುತ್ತಾರೆ. ನೀರು ಹೋದಷ್ಟು ತೂಕವೂ ಇಳಿಯುತ್ತದೆ: 100 ಕಿಲೋ ಇದ್ದದ್ದು 96.15 ಕಿಲೋ ಆಗುತ್ತದೆ. ಅದೇ ಕಬ್ಬಿನ ಲೆಕ್ಕದಲ್ಲಿ ನಿಜವಾದ ಲಾಭ ಶೇ 1.3 ಮಾತ್ರ. ಮೂಲ ಬಗಾಸಿನ ಕಿಲೋಗೆ ಸುಮಾರು 24 ಕಿಲೋ ಕ್ಯಾಲರಿ.

ತೇವ ಹೆಚ್ಚಾದರೆ ಮೊದಲು ಕೊನೆಯ ಮಿಲ್ಲನ್ನೇ ನೋಡಬೇಕು. ರೋಲರ್ ಸವೆದು ನುಣುಪಾಗಿ ಬಗಾಸ್ ಜಾರುತ್ತಿರುತ್ತದೆ, ಇಲ್ಲವೇ ರಸ ಇಳಿಯುವ ಗೀರುಗಳಲ್ಲಿ ಪುಡಿ ಕಟ್ಟಿರುತ್ತದೆ. ಮಿಲ್ಲಿನ ಅಗಲದ ಮೂರು ಕಡೆ ಬೇರೆ ಬೇರೆ ಮಾದರಿ ತೆಗೆದು, ಮುಚ್ಚಳದ ಡಬ್ಬಿಯಲ್ಲಿಟ್ಟು, 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಒಂದು ತುದಿ ಮಾತ್ರ ಒದ್ದೆ ಬಂದರೆ ಶೂಟಿನಲ್ಲಿ (ಮಿಲ್ಲಿಗೆ ಬಗಾಸ್ ಇಳಿಯುವ ದಾರಿ) ಬಗಾಸ್ ಒಂದೇ ಬದಿಗೆ ಬೀಳುತ್ತಿದೆ ಎಂದರ್ಥ. ತೇವ ಇಳಿಸಲು ಇಂಬಿಬಿಶನ್ ನೀರು (ಉಳಿದ ಸಕ್ಕರೆ ತೊಳೆದು ತೆಗೆಯಲು ಬಗಾಸಿಗೆ ಹಾಕುವ ನೀರು) ಕಡಿತ ಮಾಡಬೇಡಿ, ಸಕ್ಕರೆ ಬಗಾಸಿನೊಳಗೇ ಹೋಗುತ್ತದೆ.

ಇನ್ನು ಗಾಳಿ. ಉರಿಯಲು ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಹೋದ ಗಾಳಿ ಹೊಗೆಯ ಜೊತೆ ಉಷ್ಣವನ್ನೂ ಹೊತ್ತೊಯ್ಯುತ್ತದೆ. ಹೊಗೆಯಲ್ಲಿ ಆಮ್ಲಜನಕ ಶೇ 8 ಇದ್ದರೆ ಹೆಚ್ಚುವರಿ ಗಾಳಿ ಸುಮಾರು ಶೇ 61. ಶೇ 4ಕ್ಕೆ ಇಳಿದರೆ ಶೇ 24. ಹೊಗೆ 150 ಡಿಗ್ರಿ, ಹೊರಗಾಳಿ 30 ಡಿಗ್ರಿ ಇದ್ದಾಗ ಇಷ್ಟರಿಂದಲೇ ಬಗಾಸಿನ ಕಿಲೋಗೆ ಸುಮಾರು 30 ಕಿಲೋ ಕ್ಯಾಲರಿ ಉಳಿಯುತ್ತದೆ. ಐಡಿ ಫ್ಯಾನಿನ (ಹೊಗೆ ಎಳೆದು ಚಿಮಣಿಗೆ ತಳ್ಳುವ ಫ್ಯಾನ್) ಕರೆಂಟ್ ಉಳಿತಾಯ ಬೇರೆ. ಆಮ್ಲಜನಕದ ಅಳತೆ ಏರ್ ಪ್ರಿಹೀಟರಿಗಿಂತ (ಹೊಗೆಯ ಬಿಸಿಯಿಂದ ಗಾಳಿ ಕಾಯಿಸುವ ಸಾಧನ) ಮುಂಚೆಯೇ ಆಗಬೇಕು. ಅದರ ಕೊಳವೆ ತೂತಾಗಿದ್ದರೆ ಆಚೆಯ ಆಮ್ಲಜನಕ ಹೆಚ್ಚು ತೋರಿಸಿ ದಾರಿ ತಪ್ಪಿಸುತ್ತದೆ.

ಹಿಂಗಾರಿ ಮಳೆಯಾದಾಗ ಎರೆಮಣ್ಣು ಮೆತ್ತಿದ ಕಬ್ಬು ಬರುತ್ತದೆ. ಬೂದಿ ಹೆಚ್ಚಾಗಿ, ಗ್ರೇಟಿನ (ಕುಲುಮೆಯ ತಳದ ಜಾಲರಿ) ಮೇಲೆ ರಾಶಿ ಕಟ್ಟಿ, ಕುಲುಮೆ ತಣ್ಣಗಾಗುತ್ತದೆ. ಆಗ ಫೈರ್‌ಮನ್ ಗಾಳಿ ಹೆಚ್ಚಿಸುತ್ತಾನೆ, ಕುಲುಮೆ ಇನ್ನಷ್ಟು ತಣ್ಣಗಾಗುತ್ತದೆ. ಮಾಡಬೇಕಾದ್ದು ಬಗಾಸ್ ಫೀಡ್ ತಗ್ಗಿಸಿ ರಾಶಿ ಉರಿಯಲು ಬಿಡುವುದು. ಬೂದಿ ಬಾಗಿಲು, ಫೀಡ್ ಶೂಟಿನ ಸಂದುಗಳ ಹತ್ತಿರ ಪಂಜು ಹಿಡಿದು ನೋಡಿ: ಜ್ವಾಲೆ ಒಳಗೆ ಎಳೆದರೆ ಅಲ್ಲಿ ಗಾಳಿ ಸೋರುತ್ತಿದೆ, ಅದನ್ನು ಮೊದಲು ಮುಚ್ಚಿಸಿ.

ಗೋವಿನಜೋಳದ ಬೆಂಡು, ಹತ್ತಿಕಟಗಿ ಈ ಸೀಮೆಯಲ್ಲಿ ಧಾರಾಳ. ಒಣಗಿದ್ದರೆ ಬೆರೆಸಬಹುದು, ಆದರೆ ಪೊಟ್ಯಾಶ್ ಬೂದಿ ಸೂಪರ್‌ಹೀಟರಿಗೆ (ಹಬೆಯನ್ನು ಇನ್ನಷ್ಟು ಕಾಯಿಸುವ ಕೊಳವೆಗಳು) ಅಂಟುತ್ತದೆ. ಸ್ವಲ್ಪ ಸ್ವಲ್ಪವೇ ಬೆರೆಸಿ, ಅಂಟಿದ ಬೂದಿ ಊದಿ ತೆಗೆಯುವ ಸೂಟ್ ಬ್ಲೋಯರ್ ಹೆಚ್ಚು ಸಲ ಓಡಿಸಿ.