ಯುರೋಪಿನಲ್ಲಿ ಕಡಿಮೆ ಖರ್ಚಿಗೆ ತಂಗುವುದು ಹೇಗೆ?

ಯುರೋಪ್ ಅಂದ ಕೂಡಲೇ ಎಲ್ಲರೂ ಮೊದಲು ನೋಡುವುದು ವಿಮಾನದ ಟಿಕೆಟ್ ದರ. ಟಿಕೆಟ್ ದುಡ್ಡು ಒಂದು ಸಲ ಹೋದರೆ ಹೋಯಿತು. ಜೇಬು ಖಾಲಿ ಮಾಡುವುದು ರಾತ್ರಿಗಳು. ಹದಿನೈದು ದಿನದ ಪ್ರವಾಸವಾದರೆ ಹದಿನಾಲ್ಕು ರಾತ್ರಿ ಎಲ್ಲೋ ಒಂದು ಕಡೆ ತಲೆ ಇಡಬೇಕು, ಅಲ್ವಾ? ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ನಂಥ ಊರುಗಳಲ್ಲಿ ಸಾಧಾರಣ ಹೋಟೆಲ್ ರೂಮಿನ ಬಾಡಿಗೆಯೇ ಹತ್ತು ಸಾವಿರ ರೂಪಾಯಿ ದಾಟುವುದು ಮಾಮೂಲು. ಬೆನ್ನುಚೀಲ ಹಾಕಿಕೊಂಡು ಹೊರಟವರು ಇದರ ಮೂರನೇ ಒಂದು ಭಾಗದಲ್ಲಿ, ಕೆಲವು ಊರುಗಳಲ್ಲಿ ಇನ್ನೂ ಕಡಿಮೆಯಲ್ಲಿ, ನೆಮ್ಮದಿಯಾಗಿ ಮಲಗಬಹುದು. ಆದರೆ ಬರೀ ಹಾಸಿಗೆಯ ದರ ನೋಡಿದರೆ ಸಾಲದು. ಇಡೀ ರಾತ್ರಿಗೆ ಒಟ್ಟು ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಬೇಕು. ಈ ಲೆಕ್ಕ ವೀಸಾ ಅರ್ಜಿಗೂ ಮೊದಲೇ ಶುರುವಾಗುತ್ತದೆ.

ಹೆಜ್ಜೆ 1: ಮೊದಲು ರಾತ್ರಿಗಳನ್ನು ಹಂಚಿ

ಒಂದು ಹಾಳೆಯಲ್ಲಿ ಯಾವ ಊರಲ್ಲಿ ಎಷ್ಟು ರಾತ್ರಿ ಎಂದು ಬರೆಯಿರಿ. ಸುತ್ತಾಡಲು ಹೋಗುವವರು ಶೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತಾರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎರಡು ದೇಶಗಳಲ್ಲಿ ಸಮ ದಿನ ಇದ್ದರೆ, ಮೊದಲು ಕಾಲಿಡುವ ದೇಶಕ್ಕೆ. ಹಾಗಾಗಿ ಎಲ್ಲಿ ಮಲಗುತ್ತೀರಿ ಎನ್ನುವುದರ ಮೇಲೆ ಯಾವ ದೇಶದ ವೀಸಾ ಎನ್ನುವುದು ನಿಂತಿದೆ.

ಅರ್ಜಿಯ ಜತೆ ತಂಗುವ ಜಾಗದ ಪುರಾವೆ ಕೊಡಬೇಕು. ಇದಕ್ಕೆ ಉಚಿತವಾಗಿ ರದ್ದು ಮಾಡಬಹುದಾದ ಬುಕಿಂಗ್‌ಗಳನ್ನೇ ಆರಿಸಿ. ವೀಸಾ ಸಿಗದಿದ್ದರೆ ದುಡ್ಡು ಉಳಿಯುತ್ತದೆ, ಆಮೇಲೆ ಅಗ್ಗದ ಜಾಗ ಕಂಡರೆ ಬದಲಾಯಿಸಿಕೊಳ್ಳಬಹುದು. ಆದರೆ ರದ್ದು ಮಾಡಲು ಕೊನೆಯ ದಿನ ಯಾವುದು ಎಂದು ಬರೆದಿಟ್ಟುಕೊಳ್ಳಿ. ಯಾರೋ ಮಾಡಿಕೊಡುವ ನಕಲಿ ಬುಕಿಂಗ್ ಪತ್ರ ಮಾತ್ರ ಬೇಡವೇ ಬೇಡ. ವೀಸಾ ಬಂದ ಮೇಲೆ ಎಲ್ಲವನ್ನೂ ರದ್ದು ಮಾಡಿ ಬರಿಗೈಲಿ ಹೋಗುವುದೂ ಸರಿಯಲ್ಲ. ವಿಮಾನ ಇಳಿದಾಗ ಗಡಿ ಅಧಿಕಾರಿ 'ಎಲ್ಲಿ ಇಳಿದುಕೊಳ್ಳುತ್ತೀರಿ' ಎಂದು ಕೇಳಬಹುದು.

ಹಾಳೆಯ ಮೇಲೆ ಇನ್ನೊಂದು ಉಳಿತಾಯ ಅಡಗಿದೆ. ಪಶ್ಚಿಮದ ದುಬಾರಿ ಊರುಗಳ ರಾತ್ರಿ ಕಡಿಮೆ ಮಾಡಿ, ಪೂರ್ವದ ಊರುಗಳಿಗೆ ಕೊಡಿ. ಬುಡಾಪೆಸ್ಟ್, ಕ್ರಾಕೋವ್, ಸೋಫಿಯಾ ಮೂರೂ ಶೆಂಗೆನ್ ಒಳಗೇ ಇವೆ. ಸೋಫಿಯಾ ಇರುವ ಬಲ್ಗೇರಿಯಾ ಮತ್ತು ಪಕ್ಕದ ರೊಮೇನಿಯಾ 2025ರಿಂದ ಪೂರ್ತಿಯಾಗಿ ಸೇರಿಕೊಂಡಿವೆ. ಪ್ಯಾರಿಸ್‌ನಲ್ಲಿ ಐದು ರಾತ್ರಿ ಇರುವ ಬದಲು ಮೂರು ಇದ್ದು, ಉಳಿದೆರಡನ್ನು ಬುಡಾಪೆಸ್ಟ್‌ಗೆ ಕೊಟ್ಟರೆ ಎಷ್ಟೋ ರಿಯಾಯಿತಿ ಕೂಪನ್‌ಗಳಿಗಿಂತ ಜಾಸ್ತಿ ಉಳಿಯುತ್ತದೆ.

ಹೆಜ್ಜೆ 2: ಊರಿನ ಪಂಚಾಂಗ ನೋಡಿ

ಮ್ಯೂನಿಕ್‌ನಲ್ಲಿ ಸೆಪ್ಟೆಂಬರ್ ಮೂರನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಅಕ್ಟೋಬರ್‌ಫೆಸ್ಟ್. ಆಗ ಡಾರ್ಮಿನ, ಅಂದರೆ ಹಲವರು ಒಟ್ಟಿಗೆ ಮಲಗುವ ಕೋಣೆಯ, ಹಾಸಿಗೆಯ ದರವೂ ಹಲವು ಪಟ್ಟು ಏರುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ಅಕ್ಟೋಬರ್‌ನ ಪುಸ್ತಕ ಮೇಳ, ಫ್ರಾನ್ಸ್‌ನ ಕಾನ್‌ನಲ್ಲಿ ಮೇ ತಿಂಗಳ ಸಿನಿಮೋತ್ಸವದ ಹೊತ್ತಿಗೂ ಇದೇ ಕಥೆ. ಜನಪ್ರಿಯ ಊರುಗಳಲ್ಲಿ ಶುಕ್ರವಾರ, ಶನಿವಾರದ ರಾತ್ರಿ ದುಬಾರಿ. ಅವೆರಡನ್ನು ಸಣ್ಣ ಊರಲ್ಲಿ ಕಳೆದು, ದೊಡ್ಡ ಊರಿಗೆ ಭಾನುವಾರ ಸಂಜೆ ತಲುಪಿ.

ಹೆಜ್ಜೆ 3: ಹಾಸ್ಟೆಲ್ ಹುಡುಕಿ

ನಮ್ಮಲ್ಲಿ ಹಾಸ್ಟೆಲ್ ಅಂದರೆ ಓದುವ ಮಕ್ಕಳು ಇರುವ ಜಾಗ. ಯುರೋಪಿನಲ್ಲಿ ಅದು ಪ್ರವಾಸಿಗರ ತಂಗುದಾಣ. ಇದು ಶುರುವಾದದ್ದು ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಶಾಲಾ ಮೇಷ್ಟ್ರಿಂದ. 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದುಕೊಂಡು ಹೋದಾಗ ಮಳೆ ಗಾಳಿಗೆ ಸಿಕ್ಕಿ ಒಂದು ಹಳ್ಳಿ ಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲಿ ಮಕ್ಕಳು ಯಾಕೆ ಮಲಗಬಾರದು ಎಂಬ ಯೋಚನೆ ಹುಟ್ಟಿದ್ದು ಅಲ್ಲೇ. ಕೆಲವೇ ವರ್ಷಗಳಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ತೆರೆಯಿತು. ಆ ಕೋಟೆಯಲ್ಲಿ ಇವತ್ತಿಗೂ ಹಾಸ್ಟೆಲ್ ಇದೆ. ಕೋಟೆಯೊಳಗೆ ಮಲಗುವ ಆಸೆ ಇದ್ದವರು ಅಲ್ಲಿಗೇ ಹೋಗಬಹುದು.

ಆ ಚಳವಳಿಯ ಜಾಗತಿಕ ಸಂಸ್ಥೆ ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್. ನಮ್ಮ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಆಫ್ ಇಂಡಿಯಾಕ್ಕೂ ಅದಕ್ಕೂ ನಂಟಿದೆ. ಮೈಸೂರಿನ ಯೂತ್ ಹಾಸ್ಟೆಲ್‌ನವರ ಜತೆ ಚಾರಣಕ್ಕೆ ಹೋದವರಿಗೆ ಈ ಹೆಸರು ಗೊತ್ತಿರುತ್ತದೆ. ಸದಸ್ಯತ್ವ ಮಾಡಿಸುವಾಗ ಅದು ವಿದೇಶದಲ್ಲೂ ನಡೆಯುತ್ತದಾ ಎಂದು ಕೇಳಿ. ಇಂಥ ಹಾಸ್ಟೆಲ್‌ಗಳಲ್ಲಿ ಸದಸ್ಯರಲ್ಲದವರಿಗೆ ರಾತ್ರಿಗೆ ಒಂದಿಷ್ಟು ಹೆಚ್ಚು ಬೀಳುವುದುಂಟು.

ಖಾಸಗಿ ಹಾಸ್ಟೆಲ್‌ಗಳನ್ನು ಹಾಸ್ಟೆಲ್‌ವರ್ಲ್ಡ್ ಮತ್ತು ಬುಕಿಂಗ್ ಡಾಟ್ ಕಾಮ್, ಎರಡರಲ್ಲೂ ಹುಡುಕಿ. ಕೊನೆಗೆ ಹಾಸ್ಟೆಲ್‌ನ ಸ್ವಂತ ವೆಬ್‌ಸೈಟಿಗೂ ಹೋಗಿ ನೋಡಿ. ದರ ಕಡಿಮೆ ಇರಬಹುದು, ಇಲ್ಲವೇ ಅದೇ ದರಕ್ಕೆ ತಿಂಡಿ ಸೇರಿರಬಹುದು. ನಾಲ್ಕು ಜನರ ಡಾರ್ಮ್‌ಗಿಂತ ಹತ್ತು ಜನರ ಡಾರ್ಮ್ ಅಗ್ಗ. ಇಬ್ಬರು ಮೂವರು ಒಟ್ಟಿಗೆ ಹೊರಟಿದ್ದರೆ ಡಾರ್ಮ್ ಹಾಸಿಗೆಗಳ ಒಟ್ಟು ದರವನ್ನು ಒಂದು ಖಾಸಗಿ ರೂಮಿನ ದರದ ಜತೆ ಹೋಲಿಸಿ. ಎಷ್ಟೋ ಸಲ ರೂಮೇ ಲಾಭ. ಹೆಂಗಸರಿಗೆ ಮಾತ್ರ ಇರುವ ಡಾರ್ಮ್‌ಗಳು ಹಲವು ಕಡೆ ಇವೆ, ಒಬ್ಬರೇ ಹೊರಟವರಿಗೆ ಮೊದಲ ಆಯ್ಕೆ ಅದೇ ಆಗಲಿ. ಕೆಲವು ಹಾಸ್ಟೆಲ್‌ಗಳು ಡಾರ್ಮಿಗೆ ವಯಸ್ಸಿನ ಮಿತಿ ಇಟ್ಟಿರುತ್ತವೆ. ನಲವತ್ತು ದಾಟಿದವರು ನಿಯಮ ಓದಿಯೇ ಬುಕ್ ಮಾಡಿ.

ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ನಿಲಯಗಳೂ ಹಲವು ಊರುಗಳಲ್ಲಿ ಪ್ರವಾಸಿಗರಿಗೆ ರೂಮ್ ಕೊಡುತ್ತವೆ. ಸರಳವಾದ ಕೋಣೆ, ಒಳ್ಳೆಯ ಜಾಗ. ಇದನ್ನು ಹುಡುಕುವವರು ಕಡಿಮೆ.

ಹೆಜ್ಜೆ 4: ಪೂರ್ತಿ ರಾತ್ರಿಯ ಲೆಕ್ಕ ಹಾಕಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದು ಉದಾಹರಣೆ ನೋಡೋಣ. ಊರ ಹೊರಗಿನ ಹಾಸ್ಟೆಲ್ 24 ಯೂರೊ, ಊರ ನಡುವಿನದು 31 ಯೂರೊ. ಕಣ್ಣಿಗೆ ಮೊದಲನೆಯದು ಅಗ್ಗ. ಆದರೆ ಅಲ್ಲಿಂದ ಊರೊಳಗೆ ಹೋಗಿ ಬರಲು 7 ಯೂರೊ, ಟವೆಲ್ ಬಾಡಿಗೆ 3 ಯೂರೊ, ತಿಂಡಿ ಬೇರೆ. ಅಲ್ಲಿಗೇ 34 ಆಯಿತು. ಎರಡನೆಯದರಲ್ಲಿ ತಿಂಡಿ ಸೇರಿದ್ದು, ನಡೆದೇ ಎಲ್ಲ ಕಡೆ ಹೋಗಬಹುದಾದರೆ ಯಾವುದು ಅಗ್ಗ?

ಊರಿನ ಪ್ರವಾಸಿ ತೆರಿಗೆಯನ್ನೂ ಸೇರಿಸಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2024ರಿಂದ ಇದು ಬಾಡಿಗೆಯ ಶೇ 12.5ರಷ್ಟಿದೆ. ಇಟಲಿಯ ಊರುಗಳಲ್ಲಿ ತಲೆಗೆ ಇಂತಿಷ್ಟು ಎಂದು ರಿಸೆಪ್ಷನ್‌ನಲ್ಲೇ ವಸೂಲಿ ಮಾಡುತ್ತಾರೆ. ಬುಕಿಂಗ್ ಪುಟದ ದೊಡ್ಡ ಅಕ್ಷರದ ದರದಲ್ಲಿ ಇದು ಸೇರಿರದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಇರಬಹುದು.

ಹಾಗಂತ ದೂರದ ಜಾಗ ಯಾವಾಗಲೂ ನಷ್ಟವಲ್ಲ. ವೆನಿಸ್ ಪಕ್ಕದ ಮೆಸ್ಟ್ರೆಯಿಂದ ರೈಲು ಹತ್ತೇ ನಿಮಿಷದಲ್ಲಿ ಸೇತುವೆ ದಾಟಿ ವೆನಿಸ್ ಮುಟ್ಟಿಸುತ್ತದೆ. ಹಾಸಿಗೆ ದರದಲ್ಲಿ ಉಳಿಯುವ ದುಡ್ಡು ಟಿಕೆಟ್‌ಗಿಂತ ಎಷ್ಟೋ ಹೆಚ್ಚು. ಮೆಸ್ಟ್ರೆಯೂ ವೆನಿಸ್ ನಗರಾಡಳಿತದ ಒಳಗೇ ಬರುವುದರಿಂದ, ಅಲ್ಲಿ ತಂಗಿದವರಿಗೆ ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗರಿಗೆ ವೆನಿಸ್ ಹಾಕುವ ಪ್ರವೇಶ ಶುಲ್ಕದಿಂದ ವಿನಾಯಿತಿ ಇದೆ.

ಸ್ವಿಟ್ಜರ್‌ಲೆಂಡ್‌ನಲ್ಲಿ ಲೆಕ್ಕ ಇನ್ನೂ ತಿರುಗುತ್ತದೆ. ಬಾಸೆಲ್‌ನಲ್ಲಿ ತಂಗಿದವರಿಗೆ ಸಿಗುವ ಅತಿಥಿ ಕಾರ್ಡ್ ತೋರಿಸಿದರೆ ಊರಿನ ಟ್ರಾಮ್, ಬಸ್ ಉಚಿತ. ಟಿಚಿನೊ ಪ್ರಾಂತ್ಯದಲ್ಲಂತೂ ಹೋಟೆಲ್ ಮಾತ್ರವಲ್ಲ, ಯೂತ್ ಹಾಸ್ಟೆಲ್ ಅಥವಾ ಕ್ಯಾಂಪಿಂಗ್ ಜಾಗದಲ್ಲಿ ಮಲಗಿದವರಿಗೂ ಟಿಚಿನೊ ಟಿಕೆಟ್ ಕೊಡುತ್ತಾರೆ. ಅದರಲ್ಲಿ ಇಡೀ ಪ್ರಾಂತ್ಯದ ರೈಲು, ಬಸ್ಸುಗಳಲ್ಲಿ ಓಡಾಡಬಹುದು. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನ ಹಲವು ಊರುಗಳಲ್ಲಿ ಕೋನುಸ್ ಕಾರ್ಡ್ ಇದೇ ಕೆಲಸ ಮಾಡುತ್ತದೆ. ಅವರಾಗಿಯೇ ಕೊಡದಿದ್ದರೆ ಚೆಕ್‌ಇನ್ ಮಾಡುವಾಗ ನೀವೇ ಕೇಳಿ ಪಡೆಯಿರಿ. ಸಂಕೋಚ ಬೇಡ, ಅದು ನೀವು ಕಟ್ಟಿದ ದುಡ್ಡಿಗೆ ಸಿಗುವ ಸೌಲಭ್ಯ.

ಹೆಜ್ಜೆ 5: ವಿಮರ್ಶೆ ಓದುವ ಕ್ರಮ

ಒಟ್ಟು ಅಂಕ ನೋಡಿ ಸುಮ್ನೆ ನಂಬಬೇಡಿ. ಹೊಸ ವಿಮರ್ಶೆ ಮೊದಲು ಬರುವಂತೆ ಮಾಡಿಕೊಂಡು, ಕಳೆದ ಎರಡು ಮೂರು ತಿಂಗಳಿನವನ್ನು ಓದಿ. ತಿಗಣೆ, ಬಿಸಿನೀರು, ಗಲಾಟೆ, ಲಾಕರ್, ಈ ನಾಲ್ಕನ್ನು ಹುಡುಕಿ. ಒಬ್ಬರು ತಿಗಣೆ ಎಂದರೆ ಯೋಚಿಸಿ, ಇಬ್ಬರು ಎಂದರೆ ಮುಂದೆ ಹೋಗಿ.

ರೂಮಿಗೆ ಹೋದ ಕೂಡಲೇ ಬ್ಯಾಗನ್ನು ಹಾಸಿಗೆಯ ಮೇಲೆ ಇಡಬೇಡಿ. ಮೊದಲು ದುಪ್ಪಟಿ ಎತ್ತಿ, ಮೊಬೈಲ್ ಟಾರ್ಚ್ ಹಾಕಿ, ಹಾಸಿಗೆಯ ಅಂಚಿನ ಹೊಲಿಗೆ ನೋಡಿ. ಹೊಲಿಗೆಯ ಗುಂಟ ಪೆನ್ನಿನ ಶಾಯಿ ಚುಕ್ಕೆಯಂಥ ಕಪ್ಪು ಕಲೆಗಳಿದ್ದರೆ ತಿಗಣೆ ಇದೆ ಎಂದೇ ಅರ್ಥ. ಬಂಕ್‌ನ (ಒಂದರ ಮೇಲೊಂದು ಇರುವ ಮಂಚದ) ಮೂಲೆ, ಮೊಳೆಯ ಸಂದಿಯಲ್ಲೂ ನೋಡಿ. ಕಂಡರೆ ಫೋಟೊ ತೆಗೆದು ಬೇರೆ ರೂಮ್ ಕೇಳಿ. ಇದೇ ತಿಗಣೆ ಭಯಕ್ಕೆ ಎಷ್ಟೋ ಹಾಸ್ಟೆಲ್‌ಗಳು ನಿಮ್ಮ ಸ್ವಂತ ಸ್ಲೀಪಿಂಗ್ ಬ್ಯಾಗನ್ನು ಹಾಸಿಗೆಯ ಮೇಲೆ ಹಾಸಲು ಬಿಡುವುದಿಲ್ಲ. ಊರಿಂದ ತಪ್ಪದೆ ಒಯ್ಯಬೇಕಾದದ್ದು ಒಂದು ಸಣ್ಣ ಬೀಗ, ತೆಳು ಟವೆಲ್, ಕಿವಿಗೆ ಇಯರ್‌ಪ್ಲಗ್, ಕಣ್ಣಿಗೆ ಪಟ್ಟಿ.

ಬುಕಿಂಗ್ ಆದ ಮೇಲೆ 'ಕಾರ್ಡ್ ಮತ್ತೆ ಖಚಿತಪಡಿಸಿ, ಇಲ್ಲದಿದ್ದರೆ ರದ್ದಾಗುತ್ತದೆ' ಎಂದು ಲಿಂಕ್ ಬಂದರೆ ಒತ್ತಬೇಡಿ. ಇದು ಚಾಲ್ತಿಯಲ್ಲಿರುವ ಮೋಸ. ಹಾಸ್ಟೆಲ್‌ಗೆ ನೇರವಾಗಿ ಫೋನ್ ಮಾಡಿ ಕೇಳಿ.

ಹೆಜ್ಜೆ 6: ಅಡುಗೆಮನೆ ಇರುವ ಜಾಗ ಆರಿಸಿ

ಸಸ್ಯಾಹಾರಿಗಳಿಗೆ ಇದು ದುಡ್ಡಿಗಿಂತ ದೊಡ್ಡ ವಿಷಯ. ಹಲವು ಹಾಸ್ಟೆಲ್‌ಗಳಲ್ಲಿ ಎಲ್ಲರೂ ಬಳಸುವ ಅಡುಗೆಮನೆ ಇದೆ. ಹೋದವರು ಬಿಟ್ಟುಹೋದ ಅಕ್ಕಿ, ಪಾಸ್ತಾ, ಉಪ್ಪು ಒಂದು ಕಪಾಟಿನಲ್ಲಿರುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಹುರಿದ ರವೆ, ಗಟ್ಟಿ ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿದ್ದರೆ ಬೆಳಗಿನ ತಿಂಡಿ ಆಯಿತು. ತುಪ್ಪದ ಡಬ್ಬಿ, ಹಾಲಿನಪುಡಿ ಮಾತ್ರ ಬೇಡ. ಹಾಲು, ಮಾಂಸದ ಪದಾರ್ಥಗಳನ್ನು ಹೊರದೇಶದಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದು, ಚಿಮಣಿ ಫ್ಯಾನ್ ಹಾಕಿ, ಉರಿ ಸಣ್ಣಗಿಡಿ. ಒಣಮೆಣಸಿನಕಾಯಿ ಹೊಗೆಗೆ ಅಲಾರಂ ಹೊಡೆದರೆ ಇಡೀ ಕಟ್ಟಡ ಹೊರಗೆ ಬಂದು ನಿಲ್ಲಬೇಕಾದೀತು. ಅಗ್ನಿಶಾಮಕ ದಳ ಬಂದರೆ ಅದರ ಖರ್ಚೂ ನಿಮ್ಮ ತಲೆಗೆ ಬರಬಹುದು.

ಹೆಜ್ಜೆ 7: ಹಾಸ್ಟೆಲ್ ಅಲ್ಲದ ದಾರಿಗಳು

ರಾತ್ರಿ ರೈಲು ಹತ್ತಿದರೆ ಒಂದು ರಾತ್ರಿಯ ಬಾಡಿಗೆಯೂ ಒಂದು ಹಗಲೂ ಉಳಿಯುತ್ತವೆ. ಆಸ್ಟ್ರಿಯಾದ ನೈಟ್‌ಜೆಟ್ ರೈಲುಗಳು ವಿಯೆನ್ನಾದಿಂದ ವೆನಿಸ್‌ಗೆ, ಜ್ಯೂರಿಕ್‌ನಿಂದ ಹ್ಯಾಂಬರ್ಗ್‌ಗೆ ಓಡುತ್ತವೆ. ಸೀಟ್, ನಾಲ್ಕು ಅಥವಾ ಆರು ಜನರ ಬರ್ತ್ ಕೂಪೆ, ಸ್ಲೀಪರ್ ಎಂದು ಮೂರು ದರ್ಜೆ. ಬರ್ತೇ ತೆಗೆದುಕೊಳ್ಳಿ, ಬೇಗ ಬುಕ್ ಮಾಡಿ. ರಾತ್ರಿ ಬಸ್ ವಿಷಯದಲ್ಲಿ ಮಾತ್ರ ನಮ್ಮೂರಿನ ಸ್ಲೀಪರ್ ಕೋಚ್ ನೆನಪಿಟ್ಟುಕೊಂಡು ಹೋಗಬೇಡಿ. ಯುರೋಪಿನ ಬಸ್ ಕಂಪನಿ ಫ್ಲಿಕ್ಸ್‌ಬಸ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಸೀಟಷ್ಟೇ.

ಸ್ಪೇನ್‌ನ ಕಮಿನೊ ದೆ ಸ್ಯಾಂಟಿಯಾಗೊ ಯಾತ್ರೆಯ ದಾರಿಯಲ್ಲಿ ನಡೆಯುವವರಿಗಾಗಿಯೇ ಆಲ್ಬೆರ್ಗೆ ಎಂಬ ತಂಗುದಾಣಗಳಿವೆ. ಆ ದಾರಿ ಮುಗಿಯುವ ಗಲೀಸಿಯಾ ಪ್ರಾಂತ್ಯದ ಸರ್ಕಾರ ನಡೆಸುವವುಗಳಲ್ಲಿ ಹಾಸಿಗೆಗೆ ಸುಮಾರು 10 ಯೂರೊ. ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು, ಒಂದೇ ರಾತ್ರಿ. ಯಾತ್ರಿಕರ ಪಾಸ್‌ಪೋರ್ಟ್ (ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಳ್ಳುವ ಗುರುತಿನ ಪುಸ್ತಕ) ತೋರಿಸಬೇಕು. ಅದನ್ನು ಯಾವ ಧರ್ಮದವರು ಬೇಕಾದರೂ ಮಾಡಿಸಿಕೊಳ್ಳಬಹುದು. ಕೈಲಾದಷ್ಟು ಕಾಣಿಕೆ ಹಾಕಿ ಮಲಗುವ ಜಾಗಗಳೂ ಅಲ್ಲಿವೆ. ಅಂಥಲ್ಲಿ ಪೆಟ್ಟಿಗೆಗೆ ಧಾರಾಳವಾಗಿಯೇ ಹಾಕಿ. ಮುಂದಿನ ಯಾತ್ರಿಕರ ಊಟ ಆ ದುಡ್ಡಿನಿಂದಲೇ ಆಗುತ್ತದೆ.

ಟೆಂಟ್ ಹೊರುವ ಶಕ್ತಿ ಇದ್ದರೆ ನಾರ್ವೆಗೆ ಹೋಗಿ. 1957ರ ಕಾಯ್ದೆಯ ಪ್ರಕಾರ ಬೇಲಿ, ಬೆಳೆ ಇಲ್ಲದ ಬಯಲಲ್ಲಿ, ಜನ ಇರುವ ಮನೆಯಿಂದ 150 ಮೀಟರ್ ದೂರದಲ್ಲಿ, ಎರಡು ರಾತ್ರಿಯವರೆಗೆ ಯಾರನ್ನೂ ಕೇಳದೆ ಟೆಂಟ್ ಹಾಕಬಹುದು. ಬೇರೆ ದೇಶಗಳಲ್ಲಿ ಇದೇ ಧೈರ್ಯ ಮಾಡಬೇಡಿ, ಹಲವು ಕಡೆ ದಂಡ ಬೀಳುತ್ತದೆ.

'ದಿನಕ್ಕೆ ನಾಲ್ಕು ಗಂಟೆ ಕೆಲಸ, ಊಟ ವಸತಿ ಉಚಿತ' ಎನ್ನುವ ಅವಕಾಶಗಳ ಬಗ್ಗೆ ಎಚ್ಚರ. ಸಂಬಳ ಇಲ್ಲದಿದ್ದರೂ ಹಲವು ದೇಶಗಳಲ್ಲಿ ಅದನ್ನು ಕೆಲಸ ಎಂದೇ ನೋಡುತ್ತಾರೆ, ಪ್ರವಾಸಿ ವೀಸಾದಲ್ಲಿ ಅದಕ್ಕೆ ಅವಕಾಶವಿಲ್ಲ.

ಇನ್ನು ಮೊದಲ ರಾತ್ರಿ. ಅದನ್ನು ನೀವು ಬಂದಿಳಿಯುವ ನಿಲ್ದಾಣದ ಹತ್ತಿರವೇ ಬುಕ್ ಮಾಡಿ, ನಾಲ್ಕು ಯೂರೊ ಜಾಸ್ತಿಯಾದರೂ ಪರವಾಗಿಲ್ಲ. ವಿಮಾನ ತಡರಾತ್ರಿ ಇಳಿಯುವುದಾದರೆ ರಿಸೆಪ್ಷನ್ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಮೊದಲೇ ಬರೆದು ಕೇಳಿ. ಸಣ್ಣ ಹಾಸ್ಟೆಲ್‌ಗಳಲ್ಲಿ ರಾತ್ರಿ ಯಾರೂ ಇರುವುದಿಲ್ಲ, ಬಾಗಿಲಿನ ಕೋಡ್ ಮೆಸೇಜ್ ಮಾಡುತ್ತಾರೆ. ವಿಳಾಸ ಮತ್ತು ಆ ಕೋಡನ್ನು ಇಂಟರ್ನೆಟ್ ಇಲ್ಲದೆಯೂ ಕಾಣುವಂತೆ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಡಿ, ಒಂದು ಚೀಟಿಯಲ್ಲೂ ಬರೆದು ಪಾಸ್‌ಪೋರ್ಟ್ ಜತೆ ಇಟ್ಟುಕೊಳ್ಳಿ.